ಅರಮನೆಯಿಂದ ಎದ್ದು ಬಂದವನ ಸಾಕ್ಷ್ಯ

ಸರ್ವಾಧಿಕಾರಿಯ ಒಳಮನೆಯಲ್ಲಿ ಕುಳಿತು, ಅವನ ಉಪ್ಪು ತಿಂದು, ಅವನ ಸುಳ್ಳುಗಳನ್ನು ಕೈಯಾರೆ ಬರೆದುಕೊಟ್ಟವನೊಬ್ಬ ಒಂದು ದಿನ ಎದ್ದು ಹೊರಬಂದು, ತಾನು ಕಂಡದ್ದನ್ನೆಲ್ಲ ಪುಸ್ತಕವಾಗಿ ಬರೆದರೆ ಆ ಮಾತನ್ನು ನಾವು ಯಾವ ತಕ್ಕಡಿಯಲ್ಲಿ ತೂಗಬೇಕು? ನಮ್ಮ ನಡುವೆ ಈ ಪ್ರಶ್ನೆಗೆ ಎರಡು ಅವಸರದ ಉತ್ತರಗಳಿವೆ. ನಿನ್ನೆಯವರೆಗೂ ಅದೇ ತಟ್ಟೆಯಲ್ಲಿ ಉಂಡವನ ಮಾತಿಗೆ ಬೆಲೆಯೇನೆಂದು ಮುಖ ತಿರುಗಿಸುವುದು ಒಂದು. ತನಗೆ ಆಗದವರ ಬಗ್ಗೆ ಬರೆದಿದ್ದಾನೆಂಬ ಒಂದೇ ಕಾರಣಕ್ಕೆ ಪುಟಪುಟವನ್ನೂ ನಂಬಿ, ಮೊಬೈಲಿನಿಂದ ಮೊಬೈಲಿಗೆ ದಾಟಿಸುವುದು ಇನ್ನೊಂದು. ಸಾಕ್ಷ್ಯದ ವಿಷಯದಲ್ಲಿ ಇಷ್ಟೊಂದು ಸೂಕ್ಷ್ಮ ನಿಯಮಗಳನ್ನು ಪಡೆದಿರುವ ಒಂದು ಸಮುದಾಯಕ್ಕೆ ಈ ಎರಡೂ ಶೋಭಿಸುವುದಿಲ್ಲ.

ಪ್ರಶ್ನೆಯು ಬರೀ ಗಾಳಿಮಾತಾಗದಿರಲೆಂದು ನಾವಿಲ್ಲಿ ಒಂದು ನಿಜವಾದ ಪ್ರಕರಣವನ್ನು ಎತ್ತಿಕೊಳ್ಳುತ್ತೇವೆ. ಅದು ಫಿಲಿಪ್ಪೀನ್ಸ್ ದೇಶದ ಪತ್ರಕರ್ತ ಪ್ರಿಮಿಟಿವೊ ಮಿಹಾರೆಸ್‌ನದು. ಆ ದೇಶವನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದರ ದಕ್ಷಿಣದ ದ್ವೀಪಗಳಲ್ಲಿ ಶತಮಾನಗಳಿಂದ ನೆಲೆಸಿರುವ ಮೋರೊ ಮುಸ್ಲಿಮರ ರಕ್ತವೂ ಈ ಕಥೆಯಲ್ಲಿ ಬೆರೆತಿದೆ. ನಮ್ಮ ಓದುಗರಲ್ಲಿ ಅನೇಕರಿಗೆ ಫೆಲೆಸ್ತೀನಿನ ಊರುಗಳ ಹೆಸರು ಬಾಯಿಪಾಠವಾಗಿದೆ. ಮಿಂಡನಾವೊ ಎಂಬ ಹೆಸರನ್ನು ಕೇಳಿದವರು ವಿರಳ.

ಫರ್ಡಿನಾಂಡ್ ಮಾರ್ಕೋಸ್ 1965ರಲ್ಲಿ ಚುನಾವಣೆಯ ಮೂಲಕವೇ ಅಧ್ಯಕ್ಷನಾದ. 1969ರಲ್ಲಿ ಮರು ಆಯ್ಕೆಯಾದ. ಎರಡು ಅವಧಿಗಿಂತ ಹೆಚ್ಚು ಆಳಲು ಅಂದಿನ ಸಂವಿಧಾನ ಅವಕಾಶ ಕೊಡುತ್ತಿರಲಿಲ್ಲ. ಅವಧಿ ಮುಗಿಯುವ ಮೊದಲೇ, 1972ರ ಸೆಪ್ಟೆಂಬರ್ 22ರ ಸಂಜೆ, ರಕ್ಷಣಾ ಸಚಿವ ಹುವಾನ್ ಪೊನ್ಸೆ ಎನ್ರಿಲೆಯ ಕಾರಿನ ಮೇಲೆ ಗುಂಡಿನ ದಾಳಿ ನಡೆಯಿತೆಂಬ ಸುದ್ದಿ ಹಬ್ಬಿತು. ಸಚಿವನಿಗೆ ಏನೂ ಆಗಿರಲಿಲ್ಲ. ಮರುದಿನವೇ ದೇಶಕ್ಕೆ ಸೇನಾ ಕಾನೂನು ಜಾರಿಯಾಗಿರುವುದಾಗಿ ಘೋಷಣೆ ಹೊರಬಿತ್ತು. ವಿಚಿತ್ರವೆಂದರೆ, 1081ನೇ ಸಂಖ್ಯೆಯ ಆ ಘೋಷಣಾಪತ್ರದ ಮೇಲೆ ನಮೂದಾಗಿದ್ದ ದಿನಾಂಕ ಸೆಪ್ಟೆಂಬರ್ 21. ಅಂದರೆ ನೆಪವು ಹುಟ್ಟುವ ಮೊದಲೇ ಆದೇಶ ಹುಟ್ಟಿತ್ತು. ಸಂಸತ್ತಿಗೆ ಬೀಗ ಬಿತ್ತು, ಪತ್ರಿಕೆಗಳು ಮುಚ್ಚಿದವು, ಸಂಪಾದಕರು ಸೆರೆಮನೆ ಸೇರಿದರು. ಮುಂದಿನ ವರ್ಷಗಳಲ್ಲಿ ಸುಮಾರು 70,000 ಜನ ಬಂಧನಕ್ಕೊಳಗಾದರು, 34,000 ಜನ ಚಿತ್ರಹಿಂಸೆ ಅನುಭವಿಸಿದರು, 3,200ಕ್ಕೂ ಹೆಚ್ಚು ಜನ ಕೊಲ್ಲಲ್ಪಟ್ಟರು ಎಂಬುದು ಆಮ್ನೆಸ್ಟಿ ಸಂಸ್ಥೆಯ ಹೆಸರಿನಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕ.

ಮುಚ್ಚಿದ ಪತ್ರಿಕೆಗಳ ನಡುವೆ ತೆರೆದಿರಲು ಅನುಮತಿ ಪಡೆದ ಕೆಲವೇ ಪತ್ರಿಕೆಗಳಲ್ಲಿ 'ಡೈಲಿ ಎಕ್ಸ್‌ಪ್ರೆಸ್' ಒಂದು. ಅದರ ಒಡೆಯ ಮಾರ್ಕೋಸನ ಗೆಳೆಯ. ಮಿಹಾರೆಸ್ ಅದರ ಲೇಖಕ. 1931ರಲ್ಲಿ ಬತಾಂಗಾಸ್ ಪ್ರಾಂತದಲ್ಲಿ ಹುಟ್ಟಿದ ಈತ ಅಧ್ಯಕ್ಷರ ಅರಮನೆಗೆ ನಿರಾಯಾಸವಾಗಿ ಹೋಗಿ ಬರುವಷ್ಟು ಹತ್ತಿರದವನಾಗಿದ್ದ. ರಾಷ್ಟ್ರೀಯ ಪತ್ರಕರ್ತರ ಕ್ಲಬ್ಬಿನ ಅಧ್ಯಕ್ಷನೂ ಆಗಿದ್ದ. 1973ರಲ್ಲಿ 'ಮಾಧ್ಯಮ ಸಲಹಾ ಮಂಡಳಿ' ಎಂಬುದೊಂದು ರಚನೆಯಾದಾಗ ಅದರ ಮುಖ್ಯಸ್ಥನ ಪೀಠ ಆತನಿಗೇ ದೊರೆಯಿತು. ದಬ್ಬಾಳಿಕೆಯ ಸಂಸ್ಥೆಗಳಿಗೆ ಯಾವಾಗಲೂ ಇಂಥ ಮೃದುವಾದ ಹೆಸರುಗಳೇ ಇರುತ್ತವೆ. ಯಾವ ಪತ್ರಿಕೆ ಹೊರಬರಬೇಕು, ಯಾವುದು ಬರಬಾರದು ಎಂಬುದು ಆ ಸಲಹೆಯ ಬಾಗಿಲನ್ನು ದಾಟಿಯೇ ತೀರ್ಮಾನವಾಗಬೇಕಿತ್ತು.

1974ರ ಅಕ್ಟೋಬರಿನಲ್ಲಿ ಆತ ಅಮೆರಿಕಕ್ಕೆ ಹೋದ. ಹೋದವನು ಮರಳಲಿಲ್ಲ. 1975ರ ಫೆಬ್ರವರಿಯಲ್ಲಿ ತಾನು ಮಾರ್ಕೋಸನ ಆಡಳಿತವನ್ನು ತೊರೆದಿರುವುದಾಗಿ ಸಾರ್ವಜನಿಕವಾಗಿ ಪ್ರಕಟಿಸಿದ. ಅದೇ ವರ್ಷ ಜೂನ್ 17ರಂದು ಅಮೆರಿಕದ ಸಂಸತ್ತಿನಲ್ಲಿ ಡೊನಾಲ್ಡ್ ಫ್ರೇಸರ್ ಅಧ್ಯಕ್ಷತೆಯ ಉಪಸಮಿತಿಯ ಮುಂದೆ ಸಾಕ್ಷಿ ನುಡಿದ. ಸಾಕ್ಷಿ ನುಡಿಯದಿರಲು 50,000 ಡಾಲರ್ ಕೊಡುವುದಾಗಿ ಆಡಳಿತ ಆಮಿಷವೊಡ್ಡಿತ್ತು, ಸ್ವತಃ ಮಾರ್ಕೋಸನೇ ದೂರವಾಣಿಯಲ್ಲಿ ಮಾತನಾಡಿದ್ದ ಎಂದು ಆತ ಹೇಳಿದ. ಅಮೆರಿಕದ ಅಂಕಣಕಾರ ಜ್ಯಾಕ್ ಆಂಡರ್ಸನ್ ಈ ವಿವರಗಳನ್ನು ಪ್ರಕಟಿಸಿದಾಗ ಮನಿಲಾದಿಂದ ನಿರಾಕರಣೆ ಬಂತು. (ಆತ ಸಾಕ್ಷಿ ನುಡಿದ ಎಂಟು ದಿನಗಳಿಗೆ ನಮ್ಮ ದೇಶದಲ್ಲಿಯೇ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗೆ ಸೆನ್ಸಾರ್ ಎಂದರೇನೆಂದು ನಮ್ಮ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ.) 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಆತನ ಪುಸ್ತಕ ಹೊರಬಂತು. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಫರ್ಡಿನಾಂಡ್ ಮತ್ತು ಇಮೆಲ್ಡಾ ಮಾರ್ಕೋಸರ ದಾಂಪತ್ಯ ಸರ್ವಾಧಿಕಾರ' ಎಂದಾಗುತ್ತದೆ. 1977ರ ಜನವರಿಯಲ್ಲಿ ಆತ ಕಾಣೆಯಾದ. ಅದೇ ವರ್ಷ ಆತನ ಹದಿಹರೆಯದ ಮಗನ ಶವ, ಚಿತ್ರಹಿಂಸೆಯ ಗುರುತುಗಳೊಂದಿಗೆ, ಮನಿಲಾದ ಹೊರವಲಯದಲ್ಲಿ ಸಿಕ್ಕಿತು.

ಇದನ್ನು ಓದುವಾಗ ನಮಗೆ ಸಹಜವಾಗಿಯೇ ಫಿರ್‌ಔನನ ಜಾದೂಗಾರರು ನೆನಪಾಗುತ್ತಾರೆ. ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್, ತ್ವಾಹಾ, ಅಶ್ಶುಅರಾ ಅಧ್ಯಾಯಗಳಲ್ಲಿ ಅವರ ವೃತ್ತಾಂತವಿದೆ. ನಮ್ಮ ಮಕ್ಕಳಿಗೆ ನಾವು ಅದನ್ನು ಕೋಲು ಹಾವಾದ ಕಥೆಯಾಗಿ ಹೇಳಿ ಮುಗಿಸುತ್ತೇವೆ. ಆದರೆ ಅದು ಒಂದು ಆಡಳಿತದ ಪ್ರಚಾರಯಂತ್ರವು ಒಳಗಿನಿಂದಲೇ ಮುರಿದುಬಿದ್ದ ಕಥೆಯೂ ಹೌದು. ಅವರು ಸತ್ಯಾನ್ವೇಷಣೆಗಾಗಿ ಬಂದವರಲ್ಲ. ಗೆದ್ದರೆ ಸಂಬಳವೇನಾದರೂ ಉಂಟೇ ಎಂದು ಮೊದಲೇ ಕೇಳಿಕೊಂಡವರು. ಸಂಬಳ ಮಾತ್ರವಲ್ಲ, ಆಸ್ಥಾನದ ಆಪ್ತರ ಸಾಲಿನಲ್ಲಿ ಸ್ಥಾನವೂ ಸಿಗುವುದೆಂಬ ಭರವಸೆ ಪಡೆದವರು. ಅವರ ಕಸುಬನ್ನು ಕುರ್‌ಆನ್ ಬಣ್ಣಿಸುವ ರೀತಿ ಗಮನಾರ್ಹ. ಅವರು ಜನರ ಕಣ್ಣುಗಳಿಗೆ ಮಂಕು ಕವಿಸಿದರು. ಹಗ್ಗ ಹಗ್ಗವೇ ಆಗಿತ್ತು, ನೋಡುವವರ ಕಣ್ಣಿಗೆ ಹಾವಾಗಿತ್ತು. ಪರವಾನಗಿ ಪಡೆದ ಪತ್ರಿಕೆಯ ಮುಖಪುಟಕ್ಕೆ ಇದಕ್ಕಿಂತ ನಿಖರವಾದ ವರ್ಣನೆ ನಮಗೆ ಬೇರೆ ತೋಚುತ್ತಿಲ್ಲ.

ಅವರು ಸುಜೂದಿಗೆ ಬಿದ್ದ ಕ್ಷಣದಲ್ಲಿ ಫಿರ್‌ಔನ್ ಏನು ಮಾಡಿದ? ಅವರ ಮಾತು ಸರಿಯೋ ತಪ್ಪೋ ಎಂದು ಪರಿಶೀಲಿಸಲಿಲ್ಲ. ತನ್ನ ಅನುಮತಿಯಿಲ್ಲದೆ ನಂಬಿದಿರಾ ಎಂದು ಕೇಳಿದ. ಬಳಿಕ ಇದೊಂದು ಪೂರ್ವಯೋಜಿತ ಸಂಚು, ಮೂಸಾ(ಅ) ಇವರೆಲ್ಲರ ಗುರು ಎಂದು ಆರೋಪ ಹೊರಿಸಿದ. ಆಮೇಲೆ ಕೈಕಾಲು ಕಡಿಯುವ, ಖರ್ಜೂರದ ಮರಕ್ಕೆ ನೇತುಹಾಕುವ ಬೆದರಿಕೆ ಒಡ್ಡಿದ. ಮೊದಲು ಸಂಬಳ, ಅನಂತರ ಅಪವಾದ, ಕೊನೆಗೆ ಗಲ್ಲು. ಮಿಹಾರೆಸ್‌ಗೂ ಮೊದಲು ಹಣ ಬಂತು. ಆತ ಸಾಕ್ಷಿ ನುಡಿದೇಬಿಟ್ಟಾಗ ಪತ್ರಕರ್ತರ ಕ್ಲಬ್ಬಿನ ಹಣ ತಿಂದವನೆಂಬ ಆರೋಪ ಬಂತು. ಆ ಬಳಿಕ ಏನಾಯಿತೆಂಬುದನ್ನು ಮೇಲೆ ಹೇಳಿದ್ದೇವೆ. ಸಹಸ್ರಾರು ವರ್ಷಗಳಲ್ಲಿ ಅಕ್ರಮಿಗಳ ಪಠ್ಯಕ್ರಮ ಬದಲಾದಂತೆ ಕಾಣುವುದಿಲ್ಲ.

ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಆ ಜಾದೂಗಾರರ ಮನಸ್ಸಿನ ಶುದ್ಧಿಗೆ ಸ್ವತಃ ಅಲ್ಲಾಹನೇ ಸಾಕ್ಷಿ. ಮಿಹಾರೆಸ್‌ನ ಮನಸ್ಸಿಗೆ ಅಂಥ ಸಾಕ್ಷಿಯಿಲ್ಲ. ಆತನನ್ನು ಹೊರಗೆಳೆದದ್ದು ಅಂತಃಸಾಕ್ಷಿಯೋ, ಅರಮನೆಯ ಆಂತರಿಕ ಪೈಪೋಟಿಯಲ್ಲಿ ಉಂಟಾದ ಕಹಿಯೋ, ಅಥವಾ ಎರಡೂ ಸೇರಿದ್ದೋ, ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಹೃದಯವನ್ನು ಸೀಳಿ ನೋಡುವ ಕೆಲಸ ನಮಗೆ ವಹಿಸಲ್ಪಟ್ಟಿಲ್ಲ. ನಮಗಿರುವುದು ಪ್ರಕಟವಾದ ಮಾತು ಮಾತ್ರ. ಆ ಮಾತನ್ನು ತೂಗಲು ನಮ್ಮ ವಿದ್ವಾಂಸರು ಬಿಟ್ಟುಹೋದ ತಕ್ಕಡಿಯೊಂದಿದೆ.

ಕರ್ಮಶಾಸ್ತ್ರವು ಮಾತನ್ನು ಎರಡಾಗಿ ವಿಂಗಡಿಸುತ್ತದೆ. ಒಬ್ಬನು ತನ್ನ ವಿರುದ್ಧವೇ ಹೇಳಿಕೊಳ್ಳುವ ಮಾತು ಇಕ್ರಾರ್. ಇತರರ ವಿರುದ್ಧ ನುಡಿಯುವ ಮಾತು ಶಹಾದತ್. ಮೊದಲನೆಯದಕ್ಕೆ ಬೇರೆ ಪುರಾವೆ ಬೇಕಿಲ್ಲ, ಆದರೆ ಅದು ಹೇಳಿದವನನ್ನು ಮಾತ್ರ ಕಟ್ಟಿಹಾಕುತ್ತದೆ. ಎರಡನೆಯದು ಇತರರನ್ನು ತಲುಪಬಲ್ಲದು. ಹಾಗಾಗಿಯೇ ಅದಕ್ಕೆ ಹೇಳುವವನ ಯೋಗ್ಯತೆ, ಜೊತೆ ಸಾಕ್ಷಿ, ಪರಿಶೀಲನೆ ಎಲ್ಲವೂ ಬೇಕು. ಉಸ್ಮಾನಿಯಾ ಆಡಳಿತದ ಕಾನೂನು ಸಂಹಿತೆಯಾದ 'ಮಜಲ್ಲಾ'ದ 78ನೇ ಕಲಮು ಇದೇ ತತ್ವವನ್ನು ಸೂತ್ರರೂಪದಲ್ಲಿ ಹೇಳುತ್ತದೆ. ಮದ್ರಸದಲ್ಲಿ ಇದನ್ನು ಸಾಲ ಮತ್ತು ಜಮೀನಿನ ವ್ಯಾಜ್ಯಗಳ ಸಂದರ್ಭದಲ್ಲಿ ಕಲಿಸುತ್ತಾರೆ. ಸರ್ವಾಧಿಕಾರದಿಂದ ಹೊರಬಂದವರ ಪುಸ್ತಕ ಓದುವಾಗಲೂ ಇದು ಅಷ್ಟೇ ಉಪಯುಕ್ತವೆಂಬುದು ನಮ್ಮ ಅಭಿಪ್ರಾಯ.

ಈ ತಕ್ಕಡಿಯಲ್ಲಿ ಮಿಹಾರೆಸ್‌ನ ಪುಸ್ತಕವು ಮೂರು ಭಾಗವಾಗಿ ಒಡೆಯುತ್ತದೆ. ಪತ್ರಿಕೆಗಳನ್ನು ಹೇಗೆ ಹದ್ದುಬಸ್ತಿನಲ್ಲಿಡಲಾಯಿತು, ಹೊಗಳಿಕೆಯನ್ನು ಹೇಗೆ ತಯಾರಿಸಲಾಯಿತು, ಅದರಲ್ಲಿ ತನ್ನ ಕೈ ಎಷ್ಟಿತ್ತು ಎಂದು ಆತ ಹೇಳುವ ಪುಟಗಳು ಇಕ್ರಾರ್. ಅವೇ ಪುಸ್ತಕದ ಗಟ್ಟಿ ಪುಟಗಳು. ತಾನೇ ಮಾಡಿದ್ದನ್ನು ಹೇಳಿಕೊಂಡು ಮಾನ ಕಳೆದುಕೊಳ್ಳುವವನಿಗೆ ಸುಳ್ಳು ಹೇಳುವ ಲಾಭ ಕಡಿಮೆ.

ಎರಡನೆಯದು ಆತ ಇತರರ ವಿರುದ್ಧ ನುಡಿದ ಸಾಕ್ಷ್ಯ. ಇದನ್ನು ಆತನೊಬ್ಬನ ಮಾತಿನ ಮೇಲೆ ಒಪ್ಪಬೇಕಾಗಿಲ್ಲ. ಕಾಲವೇ ಜೊತೆ ಸಾಕ್ಷಿಗಳನ್ನು ಒದಗಿಸಿದೆ. ಎನ್ರಿಲೆಯ ಕಾರಿನ ಮೇಲಿನ ದಾಳಿ ಬರೀ ನಾಟಕವೆಂದು ಮಿಹಾರೆಸ್ ಬರೆದಾಗ ಅದು ಓಡಿಹೋದವನೊಬ್ಬನ ಆರೋಪ. 1986ರ ಫೆಬ್ರವರಿಯಲ್ಲಿ ಮಾರ್ಕೋಸನ ವಿರುದ್ಧ ತಿರುಗಿಬಿದ್ದ ಎನ್ರಿಲೆಯೇ ಅದು ನಾಟಕವಾಗಿತ್ತೆಂದು ಒಪ್ಪಿಕೊಂಡ. ಅಲ್ಲಿಗೆ ಮುಗಿಯಿತೆನ್ನುವಂತಿಲ್ಲ. ಅದೇ ಎನ್ರಿಲೆ 2012ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ದಾಳಿ ನಿಜವಾಗಿಯೂ ನಡೆದಿತ್ತೆಂದು ಮತ್ತೆ ಮಾತು ತಿರುಗಿಸಿದ. ಒಳಗಿನವರ ನೆನಪುಗಳು ಹೇಗೆ ಅಧಿಕಾರದ ಹವಾಮಾನಕ್ಕೆ ತಕ್ಕಂತೆ ಹೊರಳುತ್ತವೆ ಎಂಬುದಕ್ಕೆ ಇಷ್ಟು ಸ್ವಚ್ಛವಾದ ಉದಾಹರಣೆ ಸಿಗುವುದು ಕಷ್ಟ. ಆದರೆ ಘೋಷಣಾಪತ್ರದ ಮೇಲಿನ ದಿನಾಂಕ ಹೊರಳುವುದಿಲ್ಲ. ಹಾಗೆಯೇ ಲೂಟಿಯ ಆರೋಪ. 2003ರ ಜುಲೈನಲ್ಲಿ ಫಿಲಿಪ್ಪೀನ್ಸಿನ ಸರ್ವೋಚ್ಚ ನ್ಯಾಯಾಲಯವು ಮಾರ್ಕೋಸ್ ಕುಟುಂಬದ ಸ್ವಿಸ್ ಠೇವಣಿಗಳಾದ 65 ಕೋಟಿ 80 ಲಕ್ಷ ಡಾಲರಿಗೂ ಹೆಚ್ಚಿನ ಮೊತ್ತವನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿ ತೀರ್ಪಿತ್ತಿತು. ಆ ದಂಪತಿಗಳು ಅಧಿಕಾರದಲ್ಲಿದ್ದಷ್ಟು ಕಾಲ ಪಡೆದ ಸರ್ಕಾರಿ ಸಂಬಳವನ್ನೆಲ್ಲ ಕೂಡಿಸಿದರೆ ನ್ಯಾಯಾಲಯಕ್ಕೆ ಸಿಕ್ಕ ಲೆಕ್ಕ ಸುಮಾರು 3 ಲಕ್ಷ 4 ಸಾವಿರ ಡಾಲರ್. ಉಳಿದದ್ದು ಎಲ್ಲಿಂದ ಬಂತೆಂದು ಹೇಳಲು ಪಲಾಯನ ಮಾಡಿದ ಪತ್ರಕರ್ತನ ಪುಸ್ತಕ ಈಗ ಬೇಕಾಗಿಲ್ಲ.

ಮೂರನೆಯ ಭಾಗವನ್ನು ನಾವು ಮುಟ್ಟದೆ ಬಿಡುತ್ತೇವೆ, ಓದುಗರೂ ಬಿಡಲಿ ಎಂದು ಬಯಸುತ್ತೇವೆ. ಆ ದಂಪತಿಗಳ ಖಾಸಗಿ ಬದುಕು, ಇಮೆಲ್ಡಾಳ ಹಿಂದಿನ ದಿನಗಳು, ಮಾರ್ಕೋಸನ ಸಂಬಂಧಗಳ ಕುರಿತು ಪುಸ್ತಕದಲ್ಲಿ ರಂಜಕವಾದ ಮಾತುಗಳಿವೆ. ಪುಸ್ತಕ ಮಾರಾಟವಾಗಲು ಅವು ನೆರವಾಗಿರಲೂಬಹುದು. ಇಮಾಮ್ ನವವಿಯವರು 'ರಿಯಾಝುಸ್ಸಾಲಿಹೀನ್'ನಲ್ಲಿ ಪರೋಕ್ಷ ನಿಂದನೆಯು ಅನುಮತಿಸಲ್ಪಟ್ಟಿರುವ ಆರು ಸಂದರ್ಭಗಳನ್ನು ಎಣಿಸುತ್ತಾರೆ. ಅಕ್ರಮಕ್ಕೊಳಗಾದವನು ಅಕ್ರಮಿಯ ವಿರುದ್ಧ ದೂರುವುದು ಅವುಗಳಲ್ಲಿ ಮೊದಲನೆಯದು. ಆ ಅನುಮತಿ ಅಕ್ರಮದ ಮಟ್ಟಿಗೆ ಮಾತ್ರ. ಮಲಗುವ ಕೋಣೆಯ ಬಾಗಿಲಿಗೆ ಅದು ಕೀಲಿಕೈಯಲ್ಲ. ಒಬ್ಬ ಸ್ತ್ರೀಯ ಶೀಲದ ಮೇಲೆ ಆರೋಪ ಹೊರಿಸಲು ನಾಲ್ವರು ಸಾಕ್ಷಿಗಳನ್ನು ಕೇಳುವ ಧರ್ಮವು, ಆಕೆ ಸರ್ವಾಧಿಕಾರಿಯ ಹೆಂಡತಿಯಾದರೆ ಒಬ್ಬನೇ ಸಾಕೆಂದು ಎಲ್ಲಿಯೂ ಹೇಳಿಲ್ಲ. ಇಂಥ ಪುಟಗಳಿಂದ ಮಿಹಾರೆಸ್ ತನ್ನ ಗಟ್ಟಿ ಪುಟಗಳಿಗೇ ಹಾನಿ ಮಾಡಿಕೊಂಡ ಎಂದೇ ನಮಗೆ ತೋರುತ್ತದೆ.

ಇಷ್ಟೆಲ್ಲ ಜಾಗರೂಕತೆ ಏಕೆಂದು ಕೇಳುವವರು ಇರಾಕನ್ನು ನೆನೆಯಬೇಕು. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಇರಾಕಿನ ಬಳಿ ಲಾರಿಗಳ ಮೇಲೆ ಸಾಗುವ ಜೈವಿಕ ಅಸ್ತ್ರಗಳ ಪ್ರಯೋಗಾಲಯಗಳಿವೆಯೆಂದು ಚಿತ್ರ ತೋರಿಸಿ ವಾದಿಸಿದರು. ಆ ಮಾಹಿತಿಯ ಮುಖ್ಯ ಮೂಲ, ಇರಾಕಿನಿಂದ ಹೊರಬಂದು ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ಇಂಜಿನಿಯರ್. ಗೂಢಚರ ಸಂಸ್ಥೆಗಳು ಆತನಿಗೆ ಇಟ್ಟಿದ್ದ ಗುಪ್ತನಾಮ 'ಕರ್ವ್‌ಬಾಲ್'. 2011ರಲ್ಲಿ ಆತನೇ ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯೆದುರು, ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡ. ಸದ್ದಾಮನ ಅಣು ಯೋಜನೆಯಲ್ಲಿ ದುಡಿದು ಹೊರಬಂದ ಖಿದಿರ್ ಹಂಝಾ ಎಂಬಾತ ಪುಸ್ತಕವನ್ನೇ ಬರೆದಿದ್ದ, ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಮಾತನಾಡಿದ್ದ. ಯುದ್ಧ ಮುಗಿದ ಮೇಲೆ ಹುಡುಕಿದಾಗ ಹೇಳಿದ್ದ ಅಸ್ತ್ರಗಳು ಸಿಗಲಿಲ್ಲ. ಲಕ್ಷಕ್ಕೂ ಮಿಕ್ಕಿದ ಇರಾಕಿಗಳ ಜೀವ ಅಷ್ಟರಲ್ಲಿ ಹೋಗಿತ್ತು. ಸದ್ದಾಮ್ ಕ್ರೂರಿಯಾಗಿದ್ದನೆಂಬುದು ನಿಜ. ಆತ ಕ್ರೂರಿಯೆಂಬ ನಿಜವನ್ನೇ ಆಧಾರವಾಗಿಟ್ಟುಕೊಂಡು ಅವನ ಬಗ್ಗೆ ಹೇಳಿದ ಪ್ರತಿಯೊಂದೂ ನಿಜವೆಂದು ನಂಬಿಸಲಾಯಿತು. ದುಷ್ಕರ್ಮಿಯೊಬ್ಬ ಸುದ್ದಿ ತಂದರೆ, ತಿಳಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಆಮೇಲೆ ಪರಿತಪಿಸದಿರಲು ಮೊದಲು ಪರಿಶೀಲಿಸಬೇಕೆಂಬ ಅಲ್ ಹುಜುರಾತ್ ಅಧ್ಯಾಯದ ಆದೇಶವು ಎಷ್ಟು ದೊಡ್ಡ ದುರಂತವನ್ನು ತಡೆಯಬಲ್ಲುದೆಂದು ಅಂದು ಜಗತ್ತು ಕಂಡಿತು.

ಹಾಗಾದರೆ ಕರ್ವ್‌ಬಾಲ್‌ಗೂ ಮಿಹಾರೆಸ್‌ಗೂ ವ್ಯತ್ಯಾಸವೇನು? ಇಬ್ಬರೂ ದೇಶ ಬಿಟ್ಟವರು, ಇಬ್ಬರೂ ಪಾಶ್ಚಾತ್ಯರ ಮುಂದೆ ಮಾತನಾಡಿದವರು. ನಮ್ಮ ದೃಷ್ಟಿಯಲ್ಲಿ ಒಂದು ಮಾತು ಮುಖ್ಯ: ಕೇಳುವವನಿಗೆ ಅದು ರುಚಿಸುತ್ತಿತ್ತೋ ಇಲ್ಲವೋ? ಕರ್ವ್‌ಬಾಲ್ ಹೇಳಿದ್ದು, ಯುದ್ಧಕ್ಕೆ ಕಾರಣ ಹುಡುಕುತ್ತಿದ್ದವರ ಕಿವಿಗೆ ಇಂಪಾಗಿತ್ತು, ಆತನಿಗೆ ಆಶ್ರಯವನ್ನೂ ದೊರಕಿಸಿಕೊಟ್ಟಿತು. ಮಿಹಾರೆಸ್ ಮಾತನಾಡಿದ್ದು ಮಾರ್ಕೋಸನ ಪರಮ ಮಿತ್ರರಾಷ್ಟ್ರದ ರಾಜಧಾನಿಯಲ್ಲಿ. ಕ್ಲಾರ್ಕ್ ವಾಯುನೆಲೆ, ಸುಬಿಕ್ ನೌಕಾನೆಲೆಗಳನ್ನು ಇಟ್ಟುಕೊಂಡಿದ್ದ ಅಮೆರಿಕಕ್ಕೆ ಆ ಮಾತು ಕೇಳಲು ಮನಸ್ಸಿರಲಿಲ್ಲ. ಸಾಕ್ಷ್ಯ ಕೇಳಿದ ಮೇಲೂ ನೆರವು ಮುಂದುವರಿಯಿತು. 1981ರಲ್ಲಿ ಅಂದಿನ ಅಮೆರಿಕದ ಉಪಾಧ್ಯಕ್ಷ ಜಾರ್ಜ್ ಬುಷ್ ಮನಿಲಾಕ್ಕೆ ಹೋಗಿ, ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠನೆಂದು ಮಾರ್ಕೋಸನನ್ನು ಹೊಗಳಿ ಬಂದರು. ಲಾಭವಿಲ್ಲದ ಕಡೆ, ಕೇಳಲೊಲ್ಲದವರ ಮುಂದೆ, ತನ್ನನ್ನೂ ಸೇರಿಸಿಕೊಂಡು ಹೇಳಿದ ಮಾತಿಗೆ ತೂಕ ಹೆಚ್ಚು. ಹಾಗೆಂದು ಆತ ತೆತ್ತ ಬೆಲೆಯೇ ಆತನ ಪ್ರತಿ ಪುಟವನ್ನೂ ನಿಜವಾಗಿಸುವುದಿಲ್ಲ. ಪ್ರಾಣ ಕೊಟ್ಟವನೂ ತಪ್ಪು ಹೇಳಿರಬಹುದು.

ಇನ್ನು ಮೋರೊಗಳ ವಿಷಯ. ಅದನ್ನು ಹೇಳದೆ ಹೋದರೆ ನಾವೂ ಬಾಗಿಲು ಕಾಯುವವರ ಸಾಲಿಗೆ ಸೇರಿದಂತೆ.

ಸೇನಾ ಕಾನೂನು ಬರುವ ಮೊದಲೇ, 1968ರ ಮಾರ್ಚಿನಲ್ಲಿ, ಕೊರೆಗಿಡೊರ್ ದ್ವೀಪದಲ್ಲಿ ಸೇನಾ ತರಬೇತಿಗೆಂದು ಕರೆತಂದಿದ್ದ ಮೋರೊ ಯುವಕರನ್ನು ಗುಂಡಿಟ್ಟು ಕೊಲ್ಲಲಾಗಿತ್ತು. ಜಬಿದಾ ಹತ್ಯಾಕಾಂಡವೆಂದು ಹೆಸರಾದ ಆ ಘಟನೆಯಿಂದ ಬದುಕಿ ಈಜಿ ಪಾರಾದ ಒಬ್ಬನ ಮಾತಿನಿಂದಲೇ ಲೋಕಕ್ಕೆ ವಿಷಯ ತಿಳಿಯಿತು. ಆಗಿನ್ನೂ ಪತ್ರಿಕೆಗಳು ಸ್ವತಂತ್ರವಾಗಿದ್ದವು, ಸಂಸತ್ತಿನಲ್ಲಿ ಗದ್ದಲವೆದ್ದಿತು. 1974ರ ಹೊತ್ತಿಗೆ ಪರಿಸ್ಥಿತಿ ಬೇರೆಯಾಗಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಸೇನೆ ಮತ್ತು ಮೋರೊ ಹೋರಾಟಗಾರರ ನಡುವಿನ ಕಾಳಗದಲ್ಲಿ ಹೊಲೊ ಪಟ್ಟಣ ಸುಟ್ಟು ಬೂದಿಯಾಯಿತು. ಸೆಪ್ಟೆಂಬರ್ 24ರಂದು, ಪುಣ್ಯ ರಮಝಾನ್ ತಿಂಗಳಲ್ಲಿ, ಪಲಿಂಬಾಂಗ್‌ನ ಮಲಿಸ್ಬೊಂಗ್ ಗ್ರಾಮಕ್ಕೆ ಸೇನೆ ನುಗ್ಗಿತು. ಗಂಡಸರನ್ನು ಮಸೀದಿಯೊಳಗೆ ಕೂಡಿಹಾಕಿ ತಂಡತಂಡವಾಗಿ ಹೊರಗೊಯ್ದು ಕೊಲ್ಲಲಾಯಿತು, ಸ್ತ್ರೀಯರನ್ನೂ ಮಕ್ಕಳನ್ನೂ ನೌಕಾಪಡೆಯ ಹಡಗಿಗೆ ಸಾಗಿಸಲಾಯಿತು ಎಂದು ಬದುಕುಳಿದವರು ಹೇಳಿದ್ದಾರೆ. ಸತ್ತವರು ಸುಮಾರು 1,500 ಎಂಬುದು ಸಾಮಾನ್ಯವಾಗಿ ಹೇಳಲಾಗುವ ಸಂಖ್ಯೆ. ಮನಿಲಾದಲ್ಲಿ ಪತ್ರಿಕೆಗಳು ಪರವಾನಗಿಯ ಮೇಲೆ ಉಸಿರಾಡುತ್ತಿದ್ದ ಕಾಲವದು, ಆ ಪರವಾನಗಿಯ ಮಂಡಳಿಯ ಪೀಠದಲ್ಲಿದ್ದವನು ಮಿಹಾರೆಸ್. ಮಲಿಸ್ಬೊಂಗ್‌ನ ಮಸೀದಿ ಬರಿದಾದ ಮರುತಿಂಗಳು ಆತ ವಿಮಾನ ಹತ್ತಿದ.

ಮಲಿಸ್ಬೊಂಗ್‌ನಲ್ಲಿ ನಡೆದದ್ದು ಆತನಿಗೆ ಅಂದೇ ಗೊತ್ತಿತ್ತೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ನಮ್ಮ ತಕ್ಕಡಿಯನ್ನು ನಾವೇ ಮುರಿದಂತಾಗುತ್ತದೆ. ಆದರೆ ಬಾಗಿಲು ಕಾಯುವವನು ಒಳಗೆ ಬಿಟ್ಟ ಸುದ್ದಿಗೆ ಮಾತ್ರವಲ್ಲ, ಒಳಗೆ ಬಾರದೆ ಸತ್ತುಹೋದ ಸುದ್ದಿಗೂ ಉತ್ತರದಾಯಿ. ಇಲ್ಲಿಯೇ ತೌಬಾದ ಪ್ರಶ್ನೆ ಏಳುತ್ತದೆ. ಅಲ್ಲಾಹನೊಂದಿಗಿನ ಪಾಪಕ್ಕೆ ಪಶ್ಚಾತ್ತಾಪ, ಪಾಪದಿಂದ ದೂರ ಸರಿಯುವುದು, ಮರಳಿ ಮಾಡದಿರುವ ದೃಢಸಂಕಲ್ಪ ಸಾಕೆಂದು ವಿದ್ವಾಂಸರು ಹೇಳಿದ್ದಾರೆ. ದಾಸರ ಹಕ್ಕನ್ನು ಕಸಿದಿದ್ದರೆ ಅದನ್ನು ಮರಳಿಸುವುದು ನಾಲ್ಕನೆಯ ಷರತ್ತು. ಹಣ ಕಸಿದವನು ಹಣ ಮರಳಿಸಬಹುದು. ಸತ್ಯವನ್ನು ಕಸಿದವನು ಏನನ್ನು ಮರಳಿಸಬೇಕು? ಅಲ್ ಬಕರಃ ಅಧ್ಯಾಯದಲ್ಲಿ ಸತ್ಯವನ್ನು ಬಚ್ಚಿಟ್ಟವರ ಮೇಲೆ ಶಾಪವಿದೆ. ಅದರಿಂದ ಪಾರಾಗುವವರು ಯಾರೆಂದೂ ಅದೇ ಕಡೆ ಹೇಳಲಾಗಿದೆ. ಪಶ್ಚಾತ್ತಾಪಪಟ್ಟವರು, ತಮ್ಮನ್ನು ಸರಿಪಡಿಸಿಕೊಂಡವರು, ಜೊತೆಗೆ ಬಚ್ಚಿಟ್ಟದ್ದನ್ನು ಬಹಿರಂಗವಾಗಿ ವಿವರಿಸಿದವರು. ಆ ಮೂರನೆಯ ಮಾತು ಬೇರೆ ಪಾಪಗಳ ತೌಬಾದಲ್ಲಿ ಹೀಗೆ ಎದ್ದುಕಾಣುವುದಿಲ್ಲ. ಮೌನದ ಪಾಪಕ್ಕೆ ಮೌನದ ತೌಬಾ ಇಲ್ಲ. ಮನೆಯ ಮೂಲೆಯಲ್ಲಿ ಮುಸಲ್ಲಾದ ಮೇಲೆ ಅತ್ತು ಮುಗಿಸಿಬಿಡುವಂಥದ್ದಲ್ಲ ಅದು. ಸುಳ್ಳು ಯಾವ ಪೇಟೆಯಲ್ಲಿ ಮಾರಾಟವಾಗಿತ್ತೋ ಆ ಪೇಟೆಯಲ್ಲಿಯೇ ಸತ್ಯವನ್ನು ಕೂಗಬೇಕು.

ಆ ಕಾರಣಕ್ಕೆ ಇಂಥವರ ಪುಸ್ತಕಗಳನ್ನು ದ್ರೋಹಿಯ ಬರಹವೆಂದು ಬದಿಗೆ ಸರಿಸುವುದನ್ನು ನಾವು ಒಪ್ಪುವುದಿಲ್ಲ. ಹೊರಬಂದು ಹೇಳುವವನನ್ನು ಪ್ರಶ್ನಿಸಲು ನಮಗೆ ಎಷ್ಟು ಉತ್ಸಾಹವೋ, ಒಳಗೇ ಉಳಿದು ಸುಮ್ಮನಿದ್ದವರನ್ನು ಪ್ರಶ್ನಿಸಲು ಅಷ್ಟಿರುವುದಿಲ್ಲ. ಮಾರ್ಕೋಸನ ಅರಮನೆಯಲ್ಲಿ ಮಿಹಾರೆಸ್‌ಗೆ ಗೊತ್ತಿದ್ದಷ್ಟೇ, ಬಹುಶಃ ಇನ್ನೂ ಹೆಚ್ಚು, ತಿಳಿದಿದ್ದ ಕಾರ್ಯದರ್ಶಿಗಳು, ಸೇನಾಧಿಕಾರಿಗಳು, ಸಂಪಾದಕರು ಇದ್ದರು. ಅವರಲ್ಲಿ ಹೆಚ್ಚಿನವರು ಗೌರವಾನ್ವಿತರಾಗಿಯೇ ನಿವೃತ್ತರಾದರು. ಅವರನ್ನು ಯಾರೂ ದ್ರೋಹಿ ಎನ್ನಲಿಲ್ಲ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವೇ ಪಾಪಿಯೆಂದು ಹೇಳಿದ ಗ್ರಂಥ ನಮ್ಮ ಕೈಯಲ್ಲಿದೆ. ಆದರೂ ಒಂದು ಮೊಹಲ್ಲಾದ ಲೆಕ್ಕಪತ್ರದ ಬಗ್ಗೆ ಒಬ್ಬ ಸದಸ್ಯ ರಾಜೀನಾಮೆ ಕೊಟ್ಟು ಎರಡು ಮಾತು ಆಡಿದರೆ, ಲೆಕ್ಕ ನೋಡುವ ಮೊದಲು ಅವನ ಪೂರ್ವಾಪರ ಕೆದಕುವ ಅಭ್ಯಾಸ ನಮ್ಮಲ್ಲಿ ಹೋಗಿಲ್ಲ.

ಮಾರ್ಕೋಸ್ 1986ರ ಫೆಬ್ರವರಿ 25ರಂದು ಅಮೆರಿಕದ ವಿಮಾನದಲ್ಲಿ ದೇಶ ಬಿಟ್ಟು ಹವಾಯಿ ಸೇರಿದ. 1989ರಲ್ಲಿ ಅಲ್ಲಿಯೇ ಸತ್ತ. ಹವಾಯಿಯ ನ್ಯಾಯಾಲಯದಲ್ಲಿ ಸಂತ್ರಸ್ತರು ಹೂಡಿದ ಸಾಮೂಹಿಕ ದಾವೆಯಲ್ಲಿ 1995ರಲ್ಲಿ 9,500ಕ್ಕೂ ಹೆಚ್ಚು ಜನರ ಪರವಾಗಿ ಸುಮಾರು 200 ಕೋಟಿ ಡಾಲರ್ ಪರಿಹಾರದ ತೀರ್ಪು ಬಂತು. ಆ ತೀರ್ಪನ್ನು ಸ್ವದೇಶದಲ್ಲಿ ಜಾರಿಗೊಳಿಸಲು ಮಕಾತಿಯ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಮೊದಲ ಹೆಸರು ಮಿಹಾರೆಸ್‌ನ ಪತ್ನಿಯದು. ಗಂಡನನ್ನೂ ಮಗನನ್ನೂ ಕಳೆದುಕೊಂಡ, ಸ್ವತಃ ನ್ಯಾಯಾಧೀಶೆಯಾಗಿ ಕೆಲಸ ಮಾಡಿದ ಆ ಮಹಿಳೆಯೂ ಸೇರಿದಂತೆ ಅರ್ಜಿದಾರರಿಗೆ ಅಲ್ಲಿ ಕೇಳಿದ ದಾವೆಯ ಶುಲ್ಕ 47 ಕೋಟಿ ಪೆಸೊಗಳಿಗೂ ಹೆಚ್ಚು. ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 2005ರ ಏಪ್ರಿಲಿನಲ್ಲಿ ಆ ನ್ಯಾಯಾಲಯವು ತಾವು ಮೊದಲೇ ಕಟ್ಟಿದ್ದ ಶುಲ್ಕವೇ ಸಾಕೆಂಬ ಅವರ ವಾದವನ್ನು ಎತ್ತಿಹಿಡಿಯಿತು. ಅವರು ಕಟ್ಟಿದ್ದದ್ದು 410 ಪೆಸೊ.

2013ರಲ್ಲಿ ಸರ್ಕಾರವೇ ಕಾನೂನು ತಂದು, ಮುಟ್ಟುಗೋಲು ಹಾಕಿದ ಸ್ವಿಸ್ ಹಣದಿಂದ 1,000 ಕೋಟಿ ಪೆಸೊಗಳನ್ನು ಸಂತ್ರಸ್ತರಿಗೆ ಮೀಸಲಿಟ್ಟಿತು. ದಾಖಲೆಗಳನ್ನು ಪರಿಶೀಲಿಸಿದ ಮಂಡಳಿ 11,103 ಜನರನ್ನು ಸಂತ್ರಸ್ತರೆಂದು ಮಾನ್ಯ ಮಾಡಿತು. ಮಿಹಾರೆಸ್‌ನ ಪುಸ್ತಕವನ್ನು ಆತನ ಮೊಮ್ಮಗ ಟಿಪ್ಪಣಿಗಳೊಂದಿಗೆ ಮರುಮುದ್ರಿಸಿದ್ದಾನೆ. 2022ರಲ್ಲಿ ಮಾರ್ಕೋಸನ ಮಗ ಅಧ್ಯಕ್ಷನಾಗಿ ಆಯ್ಕೆಯಾದಾಗ ಆ ದೇಶದ ಪುಸ್ತಕದಂಗಡಿಗಳಲ್ಲಿ ಅದಕ್ಕೆ ಮತ್ತೆ ಬೇಡಿಕೆ ಬಂತು. ಪರಿಹಾರದ ಪಟ್ಟಿಯಲ್ಲಿ ಮಲಿಸ್ಬೊಂಗ್‌ನವರ ಹೆಸರುಗಳೂ ಇವೆ. ಮಿಹಾರೆಸ್‌ನ ದೇಹ ಇಂದಿಗೂ ಸಿಕ್ಕಿಲ್ಲ.